ಸುಣ್ಣದ ಪುಡಿ, ಅರವತ್ತು ಡ್ರಮ್ಮು

ಹೋದ ತಿಂಗಳು ತೂಬಗೆರೆಯ ತವರುಮನೆಗೆ ಹೋದಾಗ ಪಂಚಾಯಿತಿಯವರು ಚರಂಡಿಗೆ ಬ್ಲೀಚಿಂಗ್ ಪುಡಿ ಎರಚುತ್ತಿದ್ದರು. ಎರಡು ದಿನ ಮಳೆ ಹೊಡೆದು ಬೀದಿಯೆಲ್ಲ ಕೊಚ್ಚೆಯಾಗಿತ್ತು. ನೀರು ಬಿಡುವ ಮುನಿರಾಜು ಬಕೆಟ್ಟಿನಿಂದ ಹಿಡಿಹಿಡಿಯಾಗಿ ಪುಡಿ ತೆಗೆದು ಚೆಲ್ಲುತ್ತ ನಮ್ಮ ಜಗುಲಿಯ ಮುಂದಕ್ಕೆ ಬಂದ. ಆ ವಾಸನೆ ಮೂಗಿಗೆ ಬಡಿಯುತ್ತಲೇ ನಾನು ಎದ್ದು, ಮನೆಯನ್ನು ಹಾದು, ಹಿತ್ತಿಲಿನ ಹಲಸಿನ ಮರದ ಕೆಳಗೆ ಹೋಗಿ ನಿಂತೆ. ಅಮ್ಮ ಹಿಂದೆಯೇ ಬಂದಳು.

"ಏನಾಯ್ತೇ ವೇಣಿ? ಮುಖ ಯಾಕೆ ಹಂಗಾಯ್ತು?"

"ಪುಡಿ ಘಾಟು ಕಣಮ್ಮ," ಎಂದೆ. ಅವಳು ನಂಬಿದಳು. ಆ ಘಾಟು ಯಾರಿಗೂ ಹಿತವಲ್ಲ. ನನಗೆ ಮಾತ್ರ ಅದರ ಜೊತೆಯಲ್ಲಿ ಏಳು ವರ್ಷದ ಹಿಂದಿನ ಒಂದು ಬೇಸಿಗೆ ಬರುತ್ತದೆ. ಅದನ್ನು ಮನೆಯಲ್ಲಿ ಯಾರಿಗೂ ನಾನು ಪೂರ್ತಿ ಹೇಳಿಲ್ಲ.

ಆಗ ನಾನು ಬಿ.ಕಾಂ. ಮುಗಿಸಿ ದೊಡ್ಡಬಳ್ಳಾಪುರದಲ್ಲಿ ರಹಮತ್ ಸಾಬರ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಸಾಬರು ಕ್ಲಿಯರಿಂಗ್ ಏಜೆಂಟರು. ಇಲ್ಲಿನ ಕಾರ್ಖಾನೆಗಳ ಸರಕು ಬಂದರಿನಿಂದ ಹಡಗು ಹತ್ತಬೇಕಾದರೆ ಕಸ್ಟಮ್ಸ್ ಕಚೇರಿಗೆ ಕೊಡಬೇಕಾದ ಕಾಗದಗಳನ್ನು ಸಿದ್ಧಮಾಡಿಕೊಡುವುದು ನಮ್ಮ ಕೆಲಸ. ಕಚೇರಿ ಎಂದರೆ ನೇಕಾರರ ಬೀದಿಯ ಒಂದು ಮಹಡಿಯ ಮೇಲೆ ಎರಡು ಮೇಜು, ಒಂದು ಕಂಪ್ಯೂಟರು. ಕೆಳಗಡೆ ಮಗ್ಗಗಳ ಸದ್ದು ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ವಿದ್ಯುತ್ ಹೋದಾಗ ಅದು ಒಮ್ಮೆಲೇ ನಿಂತು, ನಾವಿಬ್ಬರೂ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು.

ಸಮುದ್ರವನ್ನು ನಾನು ಆಗಿನ್ನೂ ಕಂಡಿರಲಿಲ್ಲ. ಆದರೂ ದಿನವಿಡೀ ಸಮುದ್ರದ ಲೆಕ್ಕವನ್ನೇ ಬರೆಯುತ್ತಿದ್ದೆ. ವಿದೇಶಕ್ಕೆ ಹೋಗುವ ಸರಕಿಗೆ ಸುಂಕ, ತಪಾಸಣೆ, ಹತ್ತಾರು ನಮೂನೆಗಳು. ನಮ್ಮದೇ ಒಂದು ಬಂದರಿನಿಂದ ನಮ್ಮದೇ ಇನ್ನೊಂದು ಬಂದರಿಗೆ ಹೋಗುವ ಸರಕಿನದು ಅಷ್ಟು ರಗಳೆಯಿಲ್ಲ. ಅದಕ್ಕೆ ಕರಾವಳಿ ಸರಕಿನ ಬಿಲ್ಲು ಎಂಬ ಒಂದೇ ಕಾಗದ. ಏನು, ಎಷ್ಟು, ಎಲ್ಲಿಗೆ ಎಂದು ಬರೆದು, ಇದೆಲ್ಲ ನಿಜ ಎಂದು ಸಹಿ ಹಾಕಿ ಕೊಡಬೇಕು. ಅಧಿಕಾರಿ ಪಾಸು ಮಾಡಿದ ಆ ಬಿಲ್ಲು ಹಡಗಿನವನ ಕೈಗೆ ಬಂದ ಮೇಲೆಯೇ ಅವನು ಸರಕು ಏರಿಸಬಹುದು. ಸುಂಕವಿಲ್ಲದ ಕಾಗದವಾದ್ದರಿಂದ ಬರೆಸುವವರಿಗೂ ಬರೆಯುವವರಿಗೂ ಅದರ ಬಗ್ಗೆ ಸದರ. ಸಾಬರು ಮಾತ್ರ ಮೊದಲ ವಾರದಲ್ಲೇ ನನ್ನನ್ನು ಕೂರಿಸಿಕೊಂಡು ಹೇಳಿದ್ದರು: "ನೋಡು ಬೇಟಿ, ಆಫೀಸಿನವರು ಇದನ್ನ ಓದ್ಲಿ ಬಿಡ್ಲಿ, ಹಡಗಿನವನು ಓದ್ತಾನೆ. ಯಾವುದನ್ನ ಎಲ್ಲಿಡ್ಬೇಕು ಅಂತ ಅವನಿಗೆ ಹೇಳೋದು ಇದೊಂದೇ. ಸರಕು ನೋಡ್ದೆ ಬರೀಬೇಡ."

ಹಾಗೆ ಹೇಳಿಕೊಟ್ಟವರು ಅವರೇ ಎಂಬುದನ್ನು ಇಲ್ಲಿ ಬರೆಯದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ಆ ವರ್ಷದ ಮೇ ತಿಂಗಳು ಕೆಟ್ಟದಾಗಿತ್ತು. ಮಧ್ಯಾಹ್ನದ ಹೊತ್ತಿಗೆ ನಂದಿಬೆಟ್ಟದ ಕಡೆ ಮೋಡ ಕಟ್ಟುತ್ತಿತ್ತು, ಗಾಳಿ ನಿಲ್ಲುತ್ತಿತ್ತು, ಮಳೆ ಬರುತ್ತಿರಲಿಲ್ಲ. ತಗಡಿನ ಸೂರಿನ ಕೆಳಗೆ ಕೆಲಸ ಮಾಡುವವರು ಮೂರ್ಛೆ ಹೋದ ಸುದ್ದಿ ಎರಡು ದಿನಕ್ಕೊಂದು ಕೇಳುತ್ತಿತ್ತು. ಅಂಥ ಒಂದು ದಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಿಂದ ಕೆಲಸ ಬಂತು. ಅರವತ್ತು ಡ್ರಮ್ಮು, ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪದ ಒಂದು ದ್ವೀಪಕ್ಕೆ. ಅಲ್ಲಿಗೆ ಸಾಮಾನು ಹೊರುವುದು ಮಂಜಿ ಎಂಬ ಮರದ ಹಡಗುಗಳು. ಮಳೆಗಾಲ ಹತ್ತಿರವಾದಂತೆ ಮಂಜಿಗಳ ಓಡಾಟವನ್ನು ನಾಲ್ಕು ತಿಂಗಳು ನಿಲ್ಲಿಸಿಬಿಡುತ್ತಾರೆ. ಆ ವಾರದ ಮಂಜಿ ಕೊನೆಯದು.

ಕಾರ್ಖಾನೆಯವರು ಕಳಿಸಿದ ಚೀಟಿಯಲ್ಲಿ ಸುಣ್ಣದ ಪುಡಿ ಎಂದಿತ್ತು. ಸರಕು ನೋಡಲು ನಾನು ಹೋದೆ. ಗೋಡೌನಿನ ಬಾಗಿಲಲ್ಲೇ ಕಣ್ಣು ಉರಿಯತೊಡಗಿತು. ಲೋಡಿಂಗ್ ಮೇಸ್ತ್ರಿ ಗಂಗಣ್ಣ ಸಾಸಲಿನವನು, ಐವತ್ತರ ಆಸುಪಾಸು. ಟವಲನ್ನು ಮೂಗಿಗೆ ಕಟ್ಟಿಕೊಂಡು ಹೊರಗೆ ಕೂತಿದ್ದ.

"ಒಳಿಕ್ಕೆ ಜಾಸ್ತಿ ಹೊತ್ತು ನಿಲ್ಬ್ಯಾಡ್ರಮ್ಮಣ್ಣಿ," ಎಂದ. "ಇದು ಸುಣ್ಣ ಅಲ್ಲ. ನಾನು ಸುಣ್ಣದ ಮೂಟೆ ಹೊತ್ತೋನು. ಬನ್ನಿ, ಇಲ್ಲಿ ಕೈಯಿಕ್ಕಿ ನೋಡಿ."

ಬಿಸಿಲಿಗೆ ಮೈಯೊಡ್ಡಿ ನಿಂತಿದ್ದ ಖಾಲಿ ಡ್ರಮ್ಮೊಂದರ ಮೇಲೆ ಕೈಯಿಡಿಸಿದ. ಬಿಸಿಯಾಗಿತ್ತು. ಆಮೇಲೆ ಒಳಗೆ, ನೆರಳಿನ ಮೂಲೆಯಲ್ಲಿದ್ದ ತುಂಬಿದ ಡ್ರಮ್ಮಿನ ಮೇಲೆ ಇಡಿಸಿದ. ಅದು ಇನ್ನೂ ಬಿಸಿ. ಕೈ ಹಿಂದೆಗೆದುಕೊಂಡೆ.

"ಮೂರು ದಿನದಿಂದ ನೆಳ್ಳಲ್ಲೇ ಅದೆ," ಎಂದ ಗಂಗಣ್ಣ. "ಒಳಗಿಂದ ಕಾಯ್ತಾ ಅದೆ ಅದು. ಈ ಗೋಡೌನ್‌ನಲ್ಲಿ ಒಂದು ಇಲಿ ಇಲ್ಲ, ಹಲ್ಲಿ ಇಲ್ಲ, ನೋಡಿದ್ರಾ?"

ಡ್ರಮ್ಮಿನ ಮೈಮೇಲೆ ಹಳೆಯ ಚೀಟಿಯನ್ನು ಕೆರೆದು ತೆಗೆದ ಗುರುತಿತ್ತು. ಒಂದರಲ್ಲಿ ಮೂಲೆ ಉಳಿದುಹೋಗಿತ್ತು: ಹಳದಿ ಬಣ್ಣದ ಮೇಲೆ ಒಂದು ವೃತ್ತ, ಅದರ ನೆತ್ತಿಯಲ್ಲಿ ಜ್ವಾಲೆ. ಬೆಂಕಿ ಹೆಚ್ಚಿಸುವ ಸರಕಿನ ಆ ಗುರುತು ನನಗೆ ಗೊತ್ತಿತ್ತು, ಘಾಟು ಬ್ಲೀಚಿಂಗಿನದು. ಇದು ಚರಂಡಿಗೆ ಹಾಕುವ ಪುಡಿಗಿಂತ ಎರಡು ಪಟ್ಟು ಕಡುವಾದದ್ದು, ಕುಡಿಯುವ ನೀರಿನ ಟ್ಯಾಂಕುಗಳಿಗೆ ಚಿಟಿಕೆಯಷ್ಟು ಬೆರೆಸುವಂಥದ್ದು. ತಾನಾಗಿ ಉರಿಯುವುದಿಲ್ಲ, ಆದರೆ ಕಾದರೆ ವಿಷದ ಗಾಳಿ ಬಿಡುತ್ತದೆ, ಪಕ್ಕದಲ್ಲಿ ಎಣ್ಣೆಯೋ ಮರವೋ ಇದ್ದರೆ ಅದನ್ನು ಉರಿಸುತ್ತದೆ.

ಕಚೇರಿಗೆ ಬಂದು ಸಾಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮಾಲೀಕರಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ಎಲ್ಲವೂ ಕೇಳಿಸಿತು. ಮಾಲೀಕರು ಜಗಳಗಂಟರಲ್ಲ, ಮಾತು ಬೆಣ್ಣೆಯಂತಿತ್ತು.

"ಸುಣ್ಣದಿಂದ್ಲೇ ತಾನೇ ಸಾಬ್ರೇ ಮಾಡೋದು? ಸುಳ್ಳೇನಿದೆ ಅದ್ರಲ್ಲಿ? ಅಪಾಯದ ಸರಕು ಅಂತ ಬರೆದ್ರೆ ಬೇರೆ ಪರ್ಮಿಷನ್ನು, ಬೇರೆ ಪ್ಯಾಕಿಂಗು, ಹತ್ತು ದಿನ ಹಿಡಿಯುತ್ತೆ. ಅಷ್ಟರಲ್ಲಿ ಮಂಜಿ ನಿಂತೋಗುತ್ತೆ. ಮಳೆ ಬಿದ್ಮೇಲೆ ಆ ದ್ವೀಪದ ಜನ ಬಾವಿಗೆ ಏನು ಹಾಕ್ಕೋತಾರೆ? ನೀವೇ ಹೇಳಿ."

ಅವರ ಕೊನೆಯ ಮಾತಿನಲ್ಲಿ ನಿಜವಿತ್ತು. ಅದೇ ಅದರ ಕೇಡು. ಸಾಬರು ಫೋನು ಇಟ್ಟರು. ದೊಡ್ಡ ಕಾರ್ಖಾನೆಗಳೆಲ್ಲ ದೊಡ್ಡ ಏಜೆನ್ಸಿಗಳ ಕಡೆ ಹೋಗಿ, ನಮ್ಮಲ್ಲಿ ಖಾಯಂ ಉಳಿದದ್ದು ಈ ಮಾಲೀಕರೊಬ್ಬರೇ ಎಂಬುದು ನನಗೂ ಗೊತ್ತಿತ್ತು.

"ಬರಿ ಬೇಟಿ," ಎಂದರು ಕೊನೆಗೆ. "ನಮ್ಮ ದೇಶದ ಸರಕು ನಮ್ಮ ದೇಶಕ್ಕೇ ಹೋಗೋದು. ಎರಡು ದಿನದ ದಾರಿ."

"ನೀವೇ ಹೇಳಿದ್ರಲ್ಲ ಸರ್, ಹಡಗಿನವನು..."

"ಹೇಳಿದ್ದೆ," ಎಂದು ಅವರು ಕಿಟಕಿಯ ಕಡೆ ತಿರುಗಿದರು.

ನಾನು ಬರೆದೆ. ಸುಣ್ಣದ ಪುಡಿ, ಅರವತ್ತು ಡ್ರಮ್ಮು. ಸಾಬರು ಸಹಿ ಹಾಕಿದರು. ಏನಾದರೂ ಕೇಳಬೇಕಿದ್ದರೆ ಸಂಪರ್ಕಿಸಿ ಎಂಬ ಕಡೆ ಎಂದಿನಂತೆ ನನ್ನ ಹೆಸರು, ನನ್ನ ಫೋನ್ ನಂಬರು. ಮಂಗಳವಾರ ಸಂಜೆ ಲಾರಿ ನೆಲಮಂಗಲದ ಕಡೆ ಹೊರಟಿತು. ಟಾರ್ಪಾಲು ಬಿಗಿದು ಇಳಿದ ಗಂಗಣ್ಣ ಕೆಮ್ಮುತ್ತ ರಸ್ತೆಯ ಬದಿಯಲ್ಲೇ ಕೂತುಬಿಟ್ಟ. ಡ್ರೈವರು ಬೀಡಿ ಹಚ್ಚಲು ಹೋದಾಗ ಅವನ ಕೈಯಿಂದ ಕಿತ್ತು ಎಸೆದನಂತೆ.

ಬುಧವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ ನನಗೆ ಫೋನು ಬಂತು. ಮಂಜಿಯ ತಂಡೇಲ ಅಬೂಬಕ್ಕರ್, ಅಂದರೆ ಆ ಹಡಗಿನ ಯಜಮಾನಿಕೆ ನಡೆಸುವವರು. ಹಿಂದೆ ಗಾಳಿಯ ಸದ್ದು, ಕೂಲಿಗಳ ಕೂಗು.

"ಮೇಡಂ, ನಿಮ್ಮ ಡ್ರಮ್ಮು ಬಂದರಿನ ಧಕ್ಕೆಗೆ ಬಂದಿದೆ. ಬಿಲ್ಲು ಪಾಸಾಗಿ ನನ್ನ ಕೈಯಲ್ಲುಂಟು. ಈಗ ಲೋಡು ಶುರು ಮಾಡ್ಬೇಕು. ಇದನ್ನು ಕೆಳಗೆ ಇಡುದಾ, ಮೇಲೆ ಇಡುದಾ?"

"ಸುಣ್ಣದ ಪುಡಿ ಅಂತ ಬರೆದಿದೆ," ಎಂದೆ.

"ಬರೆದದ್ದು ನನಗೂ ಕಾಣ್ತದೆ ಮಾರಾಯ್ರೆ. ವಾಸನೆ ಬೇರೆ ಉಂಟು, ಅದಕ್ಕೆ ಕೇಳಿದ್ದು. ಕೆಳಗೆ ಎಂಜಿನ್ನಿನ ಬದಿಯಲ್ಲಿ ಜಾಗ ಉಂಟು. ಮೇಲೆ ಸಿಮೆಂಟ್ ಹಾಕ್ತೇನೆ. ನೀವು ಸಾಮಾನು ಕಣ್ಣಲ್ಲಿ ನೋಡಿದ್ದೀರಾ?"

ಎದುರಿನ ಮೇಜಿನಲ್ಲಿ ಸಾಬರು ಕತ್ತೆತ್ತಿದ್ದರು. ಬೇಡ ಎಂದೂ ಅನ್ನಲಿಲ್ಲ, ಹೇಳು ಎಂದೂ ಅನ್ನಲಿಲ್ಲ. ಕೆಳಗೆ ಮಗ್ಗಗಳು ಬಡಿಯುತ್ತಿದ್ದವು.

"ನೋಡಿದ್ದೀನಿ," ಎಂದೆ. "ಸುಣ್ಣದ ಪುಡಿನೇ."

"ಆಯ್ತು ಹಾಗಾದ್ರೆ," ಎಂದು ಅವರು ಫೋನಿಟ್ಟರು. ದನಿಯಲ್ಲಿ ನಿರಾಳವಿತ್ತು. ಅವರು ನನ್ನನ್ನು ನಂಬಿದ್ದರು.

ಮರುದಿನ ಬೆಳಿಗ್ಗೆ ನಾನು ಕಚೇರಿಯ ಬೀಗ ತೆಗೆಯುವ ಹೊತ್ತಿಗೆ ಗಂಗಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಕಣ್ಣು ಕೆಂಡವಾಗಿತ್ತು. ಅಂಗಿಯ ತೋಳು ಕರಕಲಾಗಿತ್ತು.

"ಅಮ್ಮಣ್ಣಿ, ಅರವತ್ತೆರಡು ತುಂಬ್ಸಿದ್ದು, ಎರಡು ಉಳ್ಕೊಂಡಿತ್ತಲ್ಲ. ಬೆಳಿಗ್ಗೆ ಬಾಗಿಲು ತೆಗುದ್ರೆ ಒಂದರ ಮುಚ್ಚಳ ಎಗ್ರಿ ಮೂಲೇಲಿ ಬಿದ್ದದೆ. ಕೆಳಗಿನ ಮರದ ಹಲಗೆ ಬೂದಿ. ಗೋಡೆಯೆಲ್ಲ ಕರಿ. ಯಾರೂ ಮುಟ್ಟಿರ್ಲಿಲ್ಲ. ಬೀಗ ಹಾಕಿದ್ದು ಹಾಕ್ದಂಗೇ ಇತ್ತು." ಕೆಮ್ಮು ನಿಲ್ಲುವವರೆಗೆ ಕಾದು ಮತ್ತೆ ಹೇಳಿದ: "ಆ ಅರವತ್ತೂ ಅದ್ರ ಜೊತೇವೇ."

ಮೆಟ್ಟಿಲ ಮೇಲೆ ನಿಂತೇ ತಂಡೇಲರಿಗೆ ಫೋನು ಮಾಡಿದೆ. ಮೂರನೇ ಸಲಕ್ಕೆ ಎತ್ತಿಕೊಂಡರು.

"ಅದು ಸುಣ್ಣ ಅಲ್ಲ," ಎಂದೆ. "ಬ್ಲೀಚಿಂಗಿನ ಜಾತಿ, ತುಂಬಾ ಕಡು. ಕಾವಿಗೆ ಆಗೋದಿಲ್ಲ. ಎಂಜಿನ್ ಹತ್ರ ಇಡ್ಬೇಡಿ. ಇಳಿಸಿಬಿಡಿ, ದಯವಿಟ್ಟು. ಇಲ್ಲಿ ಉಳಿದಿದ್ದ ಒಂದಕ್ಕೆ ಬೆಂಕಿ ಹತ್ತಿದೆ."

ಆ ಕಡೆ ನೀರು ಮರಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ನಾನು ಮೊದಲ ಸಲ ಸಮುದ್ರದ ಸದ್ದು ಕೇಳಿದ್ದು ಹಾಗೆ.

"ನಿನ್ನೆ ಕೇಳಿದೆನಲ್ಲ ನಾನು," ಎಂದರು ಕೊನೆಗೆ. ಬೈಯಲಿಲ್ಲ. "ಈಗ ಅದರ ಮೇಲೆ ಮುನ್ನೂರು ಚೀಲ ಸಿಮೆಂಟ್ ಉಂಟು. ಮಧ್ಯಾಹ್ನ ನೀರು ಏರುವಾಗ ಹೊರಡ್ಲೇಬೇಕು, ನಾಳೆಯಿಂದ ಬಿಡೂದಿಲ್ಲ. ಇಳಿಸ್ಲಿಕ್ಕೆ ಹೋದ್ರೆ ಬಿಲ್ಲಿನಲ್ಲಿ ಬರೆದದ್ದೇ ಸುಳ್ಳು ಅಂತ ಇಡೀ ಮಂಜಿ ನಿಲ್ಲಿಸ್ತಾರೆ. ದ್ವೀಪದವರ ನಾಲ್ಕು ತಿಂಗಳ ಅಕ್ಕಿ ಉಂಟು ಇದರಲ್ಲಿ." ಯಾರನ್ನೋ ಕೂಗಿದರು, ಮತ್ತೆ ಫೋನಿಗೆ ಬಂದರು. "ಆಗುವಷ್ಟು ಮೇಲೆ ತರ್ತೇವೆ. ಇಡಿ ಫೋನು."

ಒಳಗೆ ಬಂದ ಸಾಬರಿಗೆ ಎಲ್ಲವನ್ನೂ ಹೇಳಿದೆ. ಬಿಲ್ಲು ತಿದ್ದಲು ಬಂದರಿನ ಕಸ್ಟಮ್ಸ್ ಕಚೇರಿಗೆ ಅರ್ಜಿ ಕೊಡಬಹುದಿತ್ತು. ಮಂಜಿ ಧಕ್ಕೆ ಬಿಡುವವರೆಗೆ ಅದಕ್ಕೆ ಅವಕಾಶವಿತ್ತು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅರ್ಜಿಯ ನಮೂನೆ ನನ್ನ ಕಂಪ್ಯೂಟರಿನಲ್ಲೇ ಇತ್ತು. ಸಾಬರು, "ತಂಡೇಲನಿಗೆ ಗೊತ್ತಾಯ್ತಲ್ಲ. ಅವನು ನೋಡ್ಕೋತಾನೆ," ಎಂದರು. ನಾನು ಆ ಮಾತಿಗೆ ಜೋತುಬಿದ್ದೆ. ಹನ್ನೆರಡು ಗಂಟೆಗೆ ತಂಡೇಲರು ಒಂದು ಸಾಲಿನ ಸಂದೇಶ ಕಳಿಸಿದರು: ನಲವತ್ತು ಮೇಲೆ ಬಂತು, ಇಪ್ಪತ್ತು ಕೆಳಗೆ ಉಂಟು, ಹೊರಟೆವು.

ಆಮೇಲಿನ ಎರಡು ದಿನ ಅವರ ಫೋನು ವ್ಯಾಪ್ತಿಯ ಹೊರಗಿತ್ತು. ಸಮುದ್ರದಲ್ಲಿದ್ದವರದು ಹಾಗೆಯೇ ಇರುತ್ತದೆ ಎಂದು ಗೊತ್ತಿದ್ದೂ ಗಂಟೆಗೊಮ್ಮೆ ಒತ್ತಿ ನೋಡುತ್ತಿದ್ದೆ. ಚಹಾದಂಗಡಿಯ ಟಿವಿಯಲ್ಲಿ ಅರಬ್ಬಿ ಸಮುದ್ರದ ಮೇಲೆ ಮೋಡಗಳ ಬಿಳಿ ಸುರುಳಿ ತೋರಿಸುತ್ತಿದ್ದರು. ಶುಕ್ರವಾರ ದೊಡ್ಡಬಳ್ಳಾಪುರದಲ್ಲೂ ಗಾಳಿ ಎದ್ದು ಧೂಳಿನಲ್ಲಿ ರೈಲ್ವೆ ಗೇಟು ಕಾಣದಂತಾಯಿತು. ಸಾಬರು ನಮಾಜಿಗೆ ಹೋದವರು ಬರಲೇ ಇಲ್ಲ. ಮಾಲೀಕರು ಗೋಡೌನಿನ ಗೋಡೆಗೆ ಹೊಸ ಬಣ್ಣ ಬಳಿಸಿದರೆಂದು ಗಂಗಣ್ಣ ಹೇಳಿದ. ಅವನನ್ನು ಕೆಲಸಕ್ಕೆ ಬರಬೇಡ ಎಂದಿದ್ದರು.

ಶನಿವಾರ ಮಂಗಳೂರಿನ ನಮ್ಮ ಕಡೆಯವರೊಬ್ಬರಿಂದ ಸುದ್ದಿ ಬಂತು. ಹೊರಟ ಮರುದಿನ ಮಧ್ಯಾಹ್ನ ಮಂಜಿಯ ಒಳಗಿನಿಂದ ಹಳದಿಬಣ್ಣದ ಹೊಗೆ ಎದ್ದಿತ್ತು. ಮೇಲಿದ್ದ ನಲವತ್ತು ಡ್ರಮ್ಮುಗಳನ್ನು ಸಮುದ್ರಕ್ಕೆ ಉರುಳಿಸಿದರು. ಕೆಳಗಿನವು ಸಿಮೆಂಟಿನಡಿಯಲ್ಲಿ ಸಿಕ್ಕಿಕೊಂಡಿದ್ದವು. ಎಂಜಿನ್ ನೋಡಿಕೊಳ್ಳುತ್ತಿದ್ದ ಮೋಹನ ಎಂಬಾತ ಡೀಸೆಲ್ ಪೈಪು ಮುಚ್ಚಲು ಕೆಳಗಿಳಿದ. ಮುಚ್ಚಿದ. ಮೇಲೆ ಬಂದಾಗ ಅವನಿಗೆ ಉಸಿರಾಡಲು ಆಗುತ್ತಿರಲಿಲ್ಲ. ದಡಕ್ಕೆ ಮರಳುತ್ತಿದ್ದ ಮೀನಿನ ಬೋಟೊಂದು ಹೊಗೆ ಕಂಡು ಬಂದು ಆರೂ ಜನರನ್ನು ಹತ್ತಿಸಿಕೊಂಡಿತು. ಮಂಜಿ ನೀರಿನ ಮಟ್ಟದವರೆಗೆ ಉರಿದು ಮುಳುಗಿತು, ಅಕ್ಕಿಯ ಸಮೇತ.

ಮೋಹನ ಮಂಗಳೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ತೀರಿಹೋದ. ಅವನಿಗೆ ಮೂವತ್ತೆರಡು ವರ್ಷ. ಉಳ್ಳಾಲದ ಕಡೆಯವನು. ಅವನ ಮುಖ ನಾನು ನೋಡಿದ್ದು ಪತ್ರಿಕೆಯ ಒಳಪುಟದಲ್ಲಿ, ಬೆರಳುಗುರಿನಷ್ಟು ಚಿತ್ರದಲ್ಲಿ.

ಜೂನಿನಲ್ಲಿ ಕಸ್ಟಮ್ಸ್‌ನವರಿಂದ ವಿಚಾರಣೆಗೆ ಕರೆ ಬಂತು. ಅದರ ಹಿಂದಿನ ದಿನ ಮಾಲೀಕರು ಕಾರಿನಲ್ಲಿ ನಮ್ಮ ಕಚೇರಿಗೆ ಬಂದರು. ಟೈಪು ಮಾಡಿದ ಒಂದು ಪತ್ರ ತಂದಿದ್ದರು. ಕಾರ್ಖಾನೆಯವರು ಸರಿಯಾದ ಹೆಸರನ್ನೇ ತಿಳಿಸಿದ್ದರು, ಬಿಲ್ಲಿನಲ್ಲಿ ಬರೆಯುವಾಗ ಗುಮಾಸ್ತೆಯ ಕೈತಪ್ಪಿನಿಂದ ಸುಣ್ಣದ ಪುಡಿ ಎಂದಾಗಿದೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿಗೆ ಜಾಗ.

"ಟೈಪಿಂಗ್ ಮಿಸ್ಟೇಕ್‌ಗೆ ಯಾರನ್ನೂ ಜೈಲಿಗೆ ಹಾಕಲ್ಲಮ್ಮ," ಎಂದರು ಅದೇ ಬೆಣ್ಣೆಯ ದನಿಯಲ್ಲಿ. "ನಿನಗೆ ಬೇರೆ ಕಡೆ ಒಳ್ಳೆ ಕೆಲಸ ಕೊಡಿಸ್ತೀನಿ."

ಅವರು ಇಳಿದುಹೋದ ಮೇಲೆ ಪತ್ರ ನಮ್ಮಿಬ್ಬರ ಮಧ್ಯೆ ಮೇಜಿನ ಮೇಲೆ ಬಿದ್ದಿತ್ತು. ಸಾಬರು ಒಂದು ತಿಂಗಳಲ್ಲಿ ಹತ್ತು ವರ್ಷ ಮುದುಕರಾಗಿಬಿಟ್ಟಿದ್ದರು.

"ನೀವೇನು ಹೇಳ್ತೀರ ಸರ್?" ಎಂದು ಕೇಳಿದೆ.

"ನೀನು ಏನು ಹೇಳ್ತೀಯೋ ಅದನ್ನೇ ಹೇಳ್ತೀನಿ ಬೇಟಿ. ಮೊದ್ಲು ನಿನ್ನ ಬಾಯಿ ಕಟ್ಟಿದೋನು ನಾನು. ಎರಡನೇ ಸಲ ಕಟ್ಟೋಕೆ ನನಗೆ ಮುಖ ಇಲ್ಲ."

ಬೆಂಗಳೂರಿನ ಕಚೇರಿಯಲ್ಲಿ ನನ್ನ ಹೇಳಿಕೆ ಬರೆದುಕೊಂಡ ಅಧಿಕಾರಿ ಒಬ್ಬ ಹೆಂಗಸು, ನನ್ನ ಅಕ್ಕನ ವಯಸ್ಸಿನವರು. ಬಿಸಿ ಡ್ರಮ್ಮಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಫೋನಿನ ಮಾತಿಗೆ ಬಂದಾಗ ಅವರು ಪೆನ್ನು ನಿಲ್ಲಿಸಿ, "ಇದನ್ನ ನೀವು ಹೇಳ್ಲೇಬೇಕು ಅಂತ ಇಲ್ಲ. ಗೊತ್ತಿದೆ ತಾನೇ?" ಎಂದರು. ಬರೆದುಕೊಳ್ಳಿ ಎಂದೆ. ಪುಟಪುಟಕ್ಕೂ ಸಹಿ ಹಾಕಿಸಿಕೊಂಡರು. ಸಾಬರ ಲೈಸೆನ್ಸು ಹೋಯಿತು. ಅವರು ಅದಕ್ಕೆ ಎದುರಾಗಿ ಅಪೀಲು ಹೋಗಲಿಲ್ಲ. ಮಾಲೀಕರ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ಗಂಗಣ್ಣ ಸಾಕ್ಷಿ ಹೇಳಿದ, ಮತ್ತೆ ಮೂಟೆ ಹೊರುವ ಕೆಲಸಕ್ಕೆ ಅವನ ಎದೆ ಒಗ್ಗಲಿಲ್ಲ, ಈಗ ಸಾಸಲಿನಲ್ಲಿ ಕುರಿ ಮೇಯಿಸುತ್ತಾನೆ. ನಾನು ಈಗ ಹೊಸಕೋಟೆಯ ಒಂದು ಉಗ್ರಾಣದಲ್ಲಿ ಬಂದ ಸರಕನ್ನು ಬಿಚ್ಚಿ, ಚೀಟಿಗೆ ಹೊಂದುತ್ತದೆಯೇ ಎಂದು ನೋಡುವ ಕೆಲಸದಲ್ಲಿದ್ದೇನೆ. ಒಂದು ಡಬ್ಬವನ್ನೂ ನಾನು ಬಿಡುವುದಿಲ್ಲ ಎಂದು ಲಾರಿಯವರು ಗೊಣಗುತ್ತಾರೆ.

ತಂಡೇಲ ಅಬೂಬಕ್ಕರ್ ಅವರನ್ನು ನಾನು ನೋಡಿದ್ದು ಒಂದೇ ಸಲ, ಆ ವಿಚಾರಣೆಯ ದಿನ, ಅಧಿಕಾರಿಯ ಕೋಣೆಯ ಹೊರಗಿನ ಬೆಂಚಿನ ಮೇಲೆ. ಬಿಳಿ ಗಡ್ಡ, ಎರಡೂ ಅಂಗೈಗೆ ಬ್ಯಾಂಡೇಜು. ಒಳಗೆ ನನ್ನ ಹೆಸರು ಕೂಗಿದ್ದು ಕೇಳಿರಬೇಕು. ಹೊರಗೆ ಬಂದಾಗ ಎದ್ದು ನಿಂತರು.

"ನೀವಾ ಫೋನಿನ ಮೇಡಂ?"

ಹೌದೆಂದೆ.

"ಎರಡನೇ ಸಲ ನೀವು ಮಾಡಿದ್ದಕ್ಕೆ ನಾವು ಐದು ಜನ ಇದ್ದೇವೆ. ಅರವತ್ತೂ ಕೆಳಗಿದ್ದಿದ್ರೆ ಯಾರೂ ಇಲ್ಲ. ಅದನ್ನು ಒಳಗೆ ಹೇಳಿದ್ದೇನೆ. ಮೊದಲನೇ ಸಲದ್ದೂ ಹೇಳಿದ್ದೇನೆ."

"ಮೋಹನ್ ಅವರ ಮನೇಲಿ ಗೊತ್ತಾ?"

"ಅವನ ಹೆಂಡತಿಗೆ ಎರಡೂ ಗೊತ್ತುಂಟು. ಅವಳು ಬೈಲಿಲ್ಲ ನಿಮ್ಮನ್ನು. ಒಂದೇ ಕೇಳಿದ್ಲು. ಮೊದಲನೇ ಫೋನಿಗೂ ಎರಡನೇದಕ್ಕೂ ಮಧ್ಯೆ ಒಂದು ಸಂಜೆ, ಒಂದು ರಾತ್ರಿ ಇತ್ತಲ್ಲ, ಆಗ ಆ ಹುಡುಗಿ ಎಂಥ ಮಾಡ್ತಾ ಇದ್ಲು ಅಂತ. ನನಗೆ ಗೊತ್ತಿಲ್ಲ ಅಂದೆ."

ಅಳುತ್ತಿದ್ದೆ ಎನ್ನಬಹುದಿತ್ತು. ನಿದ್ದೆ ಬರಲಿಲ್ಲ ಎನ್ನಬಹುದಿತ್ತು. ಆ ಮುದುಕರು ಅದನ್ನೂ ನಂಬುತ್ತಿದ್ದರು, ಉಳ್ಳಾಲಕ್ಕೆ ಹೋಗಿ ಹಾಗೆಯೇ ಹೇಳುತ್ತಿದ್ದರು.

"ಆರೂವರೆ ಬಸ್ಸಿಗೆ ಮನೆಗೆ ಹೋದೆ," ಎಂದೆ. "ಅಮ್ಮ ಬಸ್ಸಾರು, ಮುದ್ದೆ ಮಾಡಿದ್ರು. ಊಟ ಮಾಡಿ ಮಲಗ್ದೆ."

ಅವರು ನನ್ನ ಮುಖವನ್ನೇ ನೋಡಿದರು.

"ನಿದ್ದೆ ಬಂತಾ?"

"ಬಂತು," ಎಂದೆ.

ತಲೆಯಾಡಿಸಿದರು. "ಹಾಗೇ ಹೇಳ್ತೇನೆ," ಎಂದು, ಬ್ಯಾಂಡೇಜಿನ ಕೈ ತಾಗದಂತೆ ಹೊರಬಾಗಿಲನ್ನು ಭುಜದಿಂದ ಒತ್ತಿ ತೆರೆದುಕೊಂಡು, ಮೆಟ್ಟಿಲಿಳಿದು ಹೋದರು.